ಕೆರೆ ಪಾಲಿಕೆಯದು, ಪಾಳಿ ನಮ್ಮದು

ರಜೆ ಬಂತೆಂದರೆ ಅಹಮದಾಬಾದ್, ವಡೋದರಾ, ಸೂರತ್ತಿನ ಜನಕ್ಕೆ ಮನೆಯೊಳಗೆ ಕಾಲು ನಿಲ್ಲುವುದಿಲ್ಲ. ಬೆಳಗಾಗುವ ಮೊದಲೇ ಸಾಬರಮತಿ ರಿವರ್‌ಫ್ರಂಟಿನ ಮೇಲೆ ಸೈಕಲ್ಲುಗಳು ಓಡುತ್ತಿರುತ್ತವೆ. ಎಲ್ಲರೂ ಕಾಮಾಟಿ ಬಾಗ್ ಎಂದೇ ಕರೆಯುವ ವಡೋದರಾದ ಸಯಾಜಿ ಬಾಗಿನಲ್ಲಿ ನಡಿಗೆಯವರ ಸಾಲು ಹೊರಟಿರುತ್ತದೆ. ಸಂಜೆಯಾದರೆ ಸೂರತ್ತಿನ ಅರ್ಧ ಊರು ಡುಮಸ್ ಕಡಲತೀರದಲ್ಲಿ ಟೊಮೆಟೊ ಭಜಿಯಾದ ಬಂಡಿಗಳ ಮುಂದೆ ನಿಂತಿರುತ್ತದೆ. ಚಳಿ ಶುರುವಾದ ಮೇಲಂತೂ ನಳ ಸರೋವರ, ಥೋಲ್, ವಢವಾಣಾ, ಪಾವಾಗಢ ಎಂದು ಕಾರುಗಳು ಹೊರಟೇಬಿಡುತ್ತವೆ. ಬಾಹ್ಯಾಕಾಶ ಕೇಂದ್ರ, ತೈಲ ಕಂಪನಿ, ಹಜೀರಾದ ಕಾರ್ಖಾನೆ ಎಂದು ಕೆಲಸಕ್ಕೆ ಬಂದು ಇಲ್ಲೇ ನೆಲೆಸಿದ ಕನ್ನಡದ ಮನೆಗಳೂ ಈ ಸಾಲಿನಲ್ಲಿವೆ.

ಇಷ್ಟೊಂದು ಜನ ಬಂದುಹೋಗುವ ಜಾಗವನ್ನು ಸರ್ಕಾರದ ನಾಲ್ಕಾರು ಸಿಬ್ಬಂದಿ ಮಾತ್ರ ನೋಡಿಕೊಳ್ಳಲು ಆಗದು. ಹಾಗೆಂದು ಕೈಗಳಿಗೇನೂ ಕೊರತೆಯಿಲ್ಲ. ಸೇವೆ ಈ ನಾಡಿನ ರೂಢಿ. ಭಾದ್ರಪದದ ಹುಣ್ಣಿಮೆಗೆ ಅಂಬಾಜಿಗೆ ಕಾಲ್ನಡಿಗೆಯಲ್ಲಿ ಹೋಗುವವರಿಗೂ ಫಾಲ್ಗುಣದ ಹುಣ್ಣಿಮೆಗೆ ಅಹಮದಾಬಾದಿನಿಂದ ಡಾಕೋರಿಗೆ ನಡೆಯುವವರಿಗೂ ದಾರಿಯುದ್ದಕ್ಕೂ ಸೇವಾ ಕ್ಯಾಂಪುಗಳು ಎದ್ದು ನಿಲ್ಲುತ್ತವೆ. ಚಹಾ, ನೀರು, ಬಿಸಿ ಊಟ, ಕಾಲಿನ ಬೊಬ್ಬೆಗೆ ಮುಲಾಮು, ಎಲ್ಲವೂ ಸಿಗುತ್ತದೆ. ಅಂಥ ಕ್ಯಾಂಪಿನಲ್ಲಿ ರಾತ್ರಿಯಿಡೀ ನಿಂತು ಬಡಿಸಿದ ಹುಡುಗನಿಗೆ ಕೆರೆಯ ದಂಡೆಯ ಮೇಲೆ ಎರಡು ಗಂಟೆ ನಿಲ್ಲುವುದು ಭಾರವಲ್ಲ. ನಮ್ಮಲ್ಲಿ ಆಗಬೇಕಾದದ್ದು ಗೆರೆ ಎಳೆಯುವ ಕೆಲಸ. ಯಾವ ಕೆಲಸ ಸ್ವಯಂಸೇವಕರದು, ಯಾವುದು ಸಂಬಳ ಮತ್ತು ಅಧಿಕಾರ ಪಡೆದವರದು ಎಂಬುದನ್ನು ಮೊದಲ ದಿನವೇ ಕಾಗದದ ಮೇಲೆ ಬರೆದುಕೊಳ್ಳಬೇಕು. ಹಾಗೆ ಬರೆದುಕೊಂಡ ಗುಂಪುಗಳು ವರ್ಷಗಟ್ಟಲೆ ಉಳಿಯುತ್ತವೆ. ಬರೆದುಕೊಳ್ಳದವು ಮೂರನೆಯ ಭಾನುವಾರಕ್ಕೇ ಕರಗುತ್ತವೆ, ಇಲ್ಲವೇ ಅಪಾಯಕ್ಕೆ ಕೈಹಾಕುತ್ತವೆ. ಇಂಥದೊಂದು ಗುಂಪು ಕಟ್ಟಬೇಕೆನ್ನುವವರಿಗಾಗಿ ಈ ಬರಹ.

ಜಾಗ ಯಾರ ಕೈಯಲ್ಲಿದೆ?

ಹೊರನೋಟಕ್ಕೆ ಎಲ್ಲವೂ ‘ಸರ್ಕಾರದ ಜಾಗ’. ಬಾಗಿಲು ಬೇರೆ ಬೇರೆ. ಸಾಬರಮತಿ ರಿವರ್‌ಫ್ರಂಟನ್ನು ನೋಡಿಕೊಳ್ಳುವುದು ಅಹಮದಾಬಾದ್ ಪಾಲಿಕೆ 1997ರಲ್ಲಿ ಹುಟ್ಟುಹಾಕಿದ ಪ್ರತ್ಯೇಕ ಕಂಪನಿ. ಊರಿನ ಉದ್ಯಾನಗಳು ಪಾಲಿಕೆಯ ಉದ್ಯಾನ ವಿಭಾಗದವು. ನಳ ಸರೋವರ ಮತ್ತು ಥೋಲ್ ಅಭಯಾರಣ್ಯಗಳಾದ್ದರಿಂದ ಅಲ್ಲಿ ಅರಣ್ಯ ಇಲಾಖೆಯದೇ ಮಾತು. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಪ್ರಕಾರ ಪರವಾನಗಿ ಇಲ್ಲದೆ ಒಳಗೆ ಕಾಲಿಡುವಂತಿಲ್ಲ. ಕಸ ಹೆಕ್ಕಲು ಬಂದವರಿಗೂ ಈ ನಿಯಮದಿಂದ ವಿನಾಯಿತಿಯಿಲ್ಲ. ಡಭೋಯಿ ಬಳಿಯ ವಢವಾಣಾ ಕೆರೆಯನ್ನು 1910ರ ಹೊತ್ತಿಗೆ ಮೂರನೆಯ ಸಯಾಜಿರಾವ್ ಗಾಯಕವಾಡರು ಕಟ್ಟಿಸಿದ್ದು ಹೊಲಗಳಿಗೆ ನೀರುಣಿಸಲು. ಹಕ್ಕಿ ನೋಡಲು ಹೋದವರು ಅಲ್ಲಿ ನೀರು ಬಿಡುವ ವಿಚಾರಕ್ಕೆ ಬಾಯಿ ಹಾಕಬಾರದು, ರೈತರ ಹಕ್ಕು ಮೊದಲಿನದು. ಪಾವಾಗಢದಲ್ಲಿ ಕೆಳಗಿನ ಚಾಂಪಾನೇರಿನ ಸ್ಮಾರಕಗಳು ಪುರಾತತ್ವ ಇಲಾಖೆಯವು, ಇಳಿಜಾರಿನ ಕಾಡು ಅರಣ್ಯ ಇಲಾಖೆಯದು, ಮೇಲೆ ಕಾಳಿಕಾ ಮಾತೆಯ ದೇವಸ್ಥಾನದ ಆಡಳಿತ. ಒಂದೇ ಬೆಟ್ಟದಲ್ಲಿ ಕೆಲಸ ಮಾಡಲು ಮೂರು ಕಚೇರಿಗಳಿಗೆ ಪತ್ರ ಬೇಕಾದೀತು.

ಪತ್ರ ಒಂದೇ ಪುಟದಲ್ಲಿರಲಿ, ಗುಜರಾತಿಯಲ್ಲಿರಲಿ. ನಿಮಗೆ ಬರೆಯಲು ಬಾರದಿದ್ದರೆ ಪಕ್ಕದ ಮನೆಯ ಬೆನ್ (ಅಕ್ಕ) ಹತ್ತಿರ ಬರೆಸಿಕೊಳ್ಳಿ. ಅವರೂ ಗುಂಪಿಗೆ ಸೇರಿದರೆ ಇನ್ನೂ ಒಳ್ಳೆಯದು. ಯಾವ ಗೇಟಿನಿಂದ ಯಾವ ಗೇಟಿನವರೆಗೆ, ಯಾವ ವಾರ, ಎಷ್ಟು ಹೊತ್ತಿನಿಂದ ಎಷ್ಟು ಹೊತ್ತಿನವರೆಗೆ, ಎಷ್ಟು ಜನ, ಏನು ಮಾಡುತ್ತೇವೆ, ಏನು ಮಾಡುವುದಿಲ್ಲ ಎಂಬುದಿಷ್ಟನ್ನು ಬರೆಯಿರಿ. ‘ಏನು ಮಾಡುವುದಿಲ್ಲ’ ಎಂಬ ಸಾಲನ್ನು ಬಿಡಲೇಬೇಡಿ. ಅಧಿಕಾರಿಯ ಅನುಮಾನ ಅರ್ಧ ಕರಗುವುದು ಅಲ್ಲೇ. ಕೊನೆಯಲ್ಲಿ ಎರಡೇ ಕೋರಿಕೆಗಳಿರಲಿ. ಸ್ಥಳದಲ್ಲಿ ಮಾತಾಡಬಹುದಾದ ಒಬ್ಬ ಸಿಬ್ಬಂದಿಯನ್ನು ಗೊತ್ತುಮಾಡಿಕೊಡಿ. ತುಂಬಿದ ಚೀಲಗಳನ್ನು ಅದೇ ದಿನ ಗಾಡಿ ಬಂದು ಒಯ್ಯಲಿ.

ಚೀಲದ ವಿಷಯ ಸಣ್ಣದಾಗಿ ಕಾಣುತ್ತದೆ. ಆದರೆ ಗುಂಪುಗಳು ಸೋಲುವುದು ಇಲ್ಲೇ. ನಲವತ್ತು ಜನ ಬಂದು ಮೂವತ್ತು ಚೀಲ ತುಂಬಿ, ಫೋಟೊ ತೆಗೆಸಿಕೊಂಡು, ಚೀಲಗಳನ್ನು ಗೇಟಿನ ಹತ್ತಿರ ಒಟ್ಟಿ ಮನೆಗೆ ಹೋಗುತ್ತಾರೆ. ಮಧ್ಯಾಹ್ನದೊಳಗೆ ದನ ಬಂದು ಚೀಲ ಹರಿಯುತ್ತದೆ, ಸಂಜೆಗೆ ನಾಯಿಗಳು ಬರುತ್ತವೆ. ಮರುದಿನ ಗುಡಿಸುವ ಬೆನ್‌ಗಳಿಗೆ ಒಂದರ ಬದಲು ಎರಡು ದಿನದ ಕೆಲಸ. ಆಮೇಲೆ ಅವರು ನಿಮ್ಮ ಗುಂಪನ್ನು ಕಂಡರೆ ಮುಖ ತಿರುಗಿಸುವುದು ನ್ಯಾಯವೇ. ಗಾಡಿ ಬರುವ ಹೊತ್ತನ್ನು ವಾರ್ಡಿನ ಸ್ಯಾನಿಟರಿ ಇನ್‌ಸ್ಪೆಕ್ಟರರ ಬಳಿ ಕೇಳಿಕೊಂಡು, ನಿಮ್ಮ ಕೆಲಸ ಅದಕ್ಕೆ ಅರ್ಧ ಗಂಟೆ ಮೊದಲು ಮುಗಿಯುವಂತೆ ಹೊಂದಿಸಿಕೊಳ್ಳಿ. ಅಹಮದಾಬಾದಿನಲ್ಲಿ ಪಾಲಿಕೆಯ ದೂರು ಸಂಖ್ಯೆ 155303 ಇದೆ. ಗಾಡಿ ಬಾರದಿದ್ದರೆ ಫೋನು ಮಾಡಿ, ದೂರಿನ ನಂಬರು ಬರೆದಿಟ್ಟುಕೊಳ್ಳಿ. ಹಸಿ ಕಸ, ಒಣ ಕಸ ಬೇರೆ ಬೇರೆ ಚೀಲದಲ್ಲಿರಲಿ. ಒಡೆದ ಗಾಜಿಗೆ ಗೋಣಿಚೀಲ. ಸಿರಿಂಜು ಕಂಡರೆ ಮುಟ್ಟದೆ ಸಿಬ್ಬಂದಿಗೆ ತೋರಿಸಿ.

ಕೈ ಹಾಕಬಾರದ ಕೆಲಸಗಳು

2024ರ ಜನವರಿ 18ರಂದು ವಡೋದರಾದ ಹರಣಿ ಕೆರೆಯಲ್ಲಿ ಶಾಲೆಯ ಪ್ರವಾಸಕ್ಕೆ ಬಂದ ಮಕ್ಕಳ ದೋಣಿ ಮಗುಚಿತು. 12 ಮಕ್ಕಳು, ಇಬ್ಬರು ಶಿಕ್ಷಕಿಯರು ತೀರಿಹೋದರು. ದೋಣಿಗೆ ತಡೆಯುವುದಕ್ಕಿಂತ ಹೆಚ್ಚು ಜನರನ್ನು ಹತ್ತಿಸಲಾಗಿತ್ತು, ಹಲವರ ಮೈಮೇಲೆ ಲೈಫ್ ಜಾಕೆಟ್ ಇರಲಿಲ್ಲ. ಅದಕ್ಕೂ ಮೊದಲು, 2019ರ ಜುಲೈಯಲ್ಲಿ, ಅಹಮದಾಬಾದಿನ ಕಾಂಕರಿಯಾದಲ್ಲಿ ತೂಗುವ ಆಟದ ಯಂತ್ರ ಮುರಿದು ಬಿದ್ದು ಇಬ್ಬರು ಸತ್ತು, ಇಪ್ಪತ್ತಕ್ಕೂ ಹೆಚ್ಚು ಜನ ಗಾಯಗೊಂಡಿದ್ದರು.

ಈ ಎರಡು ದುರಂತಗಳು ಸ್ವಯಂಸೇವೆಯ ಬಗ್ಗೆ ಯೋಚಿಸುವ ಯಾರ ಮನಸ್ಸಿನಿಂದಲೂ ಮರೆಯಾಗಬಾರದು. ದೋಣಿ, ಜಿಪ್‌ಲೈನು, ಆಟದ ಯಂತ್ರ, ಈಜು ಯಾವುದೇ ಇರಲಿ, ಅದರ ಸುರಕ್ಷತೆ ಪರವಾನಗಿ ಪಡೆದವರ ಮತ್ತು ಪರವಾನಗಿ ಕೊಟ್ಟವರ ಹೊಣೆ. ‘ನಿಮ್ಮ ಹುಡುಗರು ಒಳ್ಳೆಯವರು, ಒಂದೆರಡು ದಿನ ದೋಣಿಯ ಕಟ್ಟೆ ನೋಡಿಕೊಳ್ಳಲಿ’ ಎಂದು ಯಾರಾದರೂ ಕೇಳಿದರೆ ಸಾರಾಸಗಟಾಗಿ ಇಲ್ಲ ಎನ್ನಿ. ಸಂಕೋಚ ಬೇಡ. ಸಂಬಳದ ಜೀವರಕ್ಷಕನಿಗೆ ಬದಲಾಗಿ ಉಚಿತ ಹುಡುಗ ನಿಂತ ಕೂಡಲೇ ಹೊಣೆ ಯಾರದೂ ಅಲ್ಲದಂತಾಗುತ್ತದೆ. ಸ್ವಯಂಸೇವಕ ಮಾಡಬಹುದಾದದ್ದು ನೋಡುವುದು, ಎಣಿಸುವುದು, ತಿಳಿಸುವುದು. ದೋಣಿಗೆ ಬರೆದಿರುವ ಸಂಖ್ಯೆಗಿಂತ ಹೆಚ್ಚು ಜನ ಹತ್ತಿದರೆ, ಜಾಕೆಟ್ಟಿನ ಬಕಲ್ ಹಾಕಿಲ್ಲದಿದ್ದರೆ, ಮೊದಲು ಅಲ್ಲಿನ ಮೇಲ್ವಿಚಾರಕರಿಗೆ ಹೇಳಿ. ಕೇಳದಿದ್ದರೆ ಹೊತ್ತು ಮತ್ತು ಫೋಟೊ ಸಮೇತ ಲಿಖಿತವಾಗಿ ಕಳಿಸಿ. ಅಪಾಯ ಕಣ್ಣೆದುರಿಗೇ ಇದ್ದರೆ ತುರ್ತು ಸಂಖ್ಯೆ 112ಕ್ಕೆ ಫೋನು ಮಾಡಿ. ಸ್ವತಃ ತಂದೆತಾಯಿಯಾಗಿ ಹೋದಾಗಲೂ ಮಗುವಿನ ಜಾಕೆಟ್ಟಿನ ಕೊರಳಪಟ್ಟಿ ಹಿಡಿದು ಮೇಲಕ್ಕೆ ಎಳೆದು ನೋಡಿ. ಜಾಕೆಟ್ಟು ಕಿವಿಯವರೆಗೆ ಜಾರಿದರೆ ಅದು ಆ ಮಗುವಿನ ಅಳತೆಯದಲ್ಲ.

ವಡೋದರಾದಲ್ಲಿ ಇನ್ನೊಂದು ಗೆರೆಯಿದೆ. ಊರಿನ ನಡುವೆ, ಸಯಾಜಿ ಬಾಗಿನ ಒಳಗೇ ಹಾದು ಹರಿಯುವ ವಿಶ್ವಾಮಿತ್ರಿ ನದಿ ಮೊಸಳೆಗಳ ಮನೆ. 2025ರ ಫೆಬ್ರವರಿಯಲ್ಲಿ ನಡೆದ ಎಣಿಕೆಯಲ್ಲಿ ನಾನೂರಕ್ಕೂ ಹೆಚ್ಚು ಮೊಸಳೆಗಳು ಸಿಕ್ಕವು. 2024ರ ಆಗಸ್ಟ್ ಕೊನೆಯ ನೆರೆಯಲ್ಲಿ ಅವು ಬೀದಿಗಳಿಗೆ, ಸೊಸೈಟಿಗಳ ಅಂಗಳಕ್ಕೆ ಬಂದಾಗ ಅರಣ್ಯ ಇಲಾಖೆಯ ಜೊತೆ ಕೈಜೋಡಿಸಿದವರು ಪ್ರಾಣಿರಕ್ಷಣಾ ಸಂಸ್ಥೆಗಳ ಸ್ವಯಂಸೇವಕರೇ. ಅದನ್ನು ನೋಡಿ ಹುಮ್ಮಸ್ಸು ಬರುವುದು ಸಹಜ. ಆದರೆ ಅವರು ವರ್ಷಗಟ್ಟಲೆ ಕಲಿತವರು, ಇಲಾಖೆಯ ಒಪ್ಪಿಗೆಯಿಂದ ಹಿಡಿಯುವವರು. ಮೊಸಳೆ ವನ್ಯಜೀವಿ ಕಾಯ್ದೆಯ ಮೊದಲ ಪಟ್ಟಿಯ ಪ್ರಾಣಿ. ಹೊರಗಿನವರು ಹಗ್ಗ ಹಾಕಿದರೆ ಅದು ಅಪರಾಧ. ನದಿದಂಡೆಯ ಗುಂಪಿಗೆ ಒಪ್ಪುವ ಕೆಲಸ ಬೇರೆಯಿದೆ. ಮೊಸಳೆ ಕಂಡಲ್ಲಿ ಜನರನ್ನು ದೂರ ನಿಲ್ಲಿಸಬೇಕು, ಸೆಲ್ಫಿಗಾಗಿ ಇಳಿಜಾರು ಇಳಿಯುವವರನ್ನು ಮೇಲಕ್ಕೆ ಕರೆಯಬೇಕು, ಕೋಳಿ-ಮೀನಿನ ತ್ಯಾಜ್ಯ ಸುರಿಯುವ ಜಾಗಗಳನ್ನು ಗುರುತಿಸಿ ಪಾಲಿಕೆಗೆ ತಿಳಿಸಬೇಕು. ಆ ಮಾಂಸದ ವಾಸನೆಯೇ ಮೊಸಳೆಯನ್ನು ಮನುಷ್ಯರು ಓಡಾಡುವ ದಂಡೆಗೆ ಕರೆತರುತ್ತದೆ.

ಗಾಂಠಿಯಾ ಮತ್ತು ಬಿಳಿ ಹಕ್ಕಿ

ಇಲ್ಲಿ ಸ್ವಲ್ಪ ಹೊತ್ತು ನಿಲ್ಲಬೇಕು. ಮಾತಿನಿಂದಲೇ ಆಗಬೇಕಾದ ಕೆಲಸಕ್ಕೆ ಇದಕ್ಕಿಂತ ಒಳ್ಳೆಯ ಉದಾಹರಣೆ ನನಗೆ ಕಂಡಿಲ್ಲ.

ಚಳಿಗಾಲದಲ್ಲಿ ಉತ್ತರದಿಂದ ಗಲ್ ಎಂಬ ಬಿಳಿಯ ಕಡಲಹಕ್ಕಿಗಳು ಸೂರತ್ತಿನ ತಾಪಿ ದಂಡೆಗೂ ನಳ ಸರೋವರಕ್ಕೂ ಬಂದಿಳಿಯುತ್ತವೆ. ಜನ ಕಾಗದದ ಪೊಟ್ಟಣದಲ್ಲಿ ಗಾಂಠಿಯಾ ಹಿಡಿದು ನಿಲ್ಲುತ್ತಾರೆ. ಕಡಲೆಹಿಟ್ಟಿನ, ಎಣ್ಣೆಯಲ್ಲಿ ಕರಿದ, ಉಪ್ಪು-ಅಜವಾನದ ಆ ತಿಂಡಿಯನ್ನು ಮೇಲಕ್ಕೆ ಎಸೆದರೆ ಹಕ್ಕಿ ಗಾಳಿಯಲ್ಲೇ ಕಚ್ಚಿಕೊಳ್ಳುತ್ತದೆ. ಮಕ್ಕಳು ಕೇಕೆ ಹಾಕುತ್ತಾರೆ, ಫೋನುಗಳು ಮೇಲೇಳುತ್ತವೆ. ಮೀನು, ಹುಳು ತಿಂದು ಬದುಕುವ ಹಕ್ಕಿಗೆ ಕರಿದ ಹಿಟ್ಟು ಆಹಾರವಲ್ಲ. ದೋಣಿ ಕಂಡರೆ ಸಾಕು ಬೇಟೆ ಬಿಟ್ಟು ಹಿಂದೆ ಹಾರುವ ಚಟವೂ ಅದಕ್ಕೆ ಅಂಟುತ್ತದೆ. ಮತ್ತೆ ಸಾವಿರಾರು ಕಿಲೋಮೀಟರ್ ಹಾರಿ ಹಿಂತಿರುಗಬೇಕಾದ ದೇಹ ಅದು.

‘ಹಕ್ಕಿಗೆ ಆಹಾರ ಹಾಕಬಾರದು’ ಎಂದು ಬೋರ್ಡು ನೆಟ್ಟರೆ ಗುಜರಾತಿನಲ್ಲಿ ಯಾರೂ ಒಪ್ಪುವುದಿಲ್ಲ. ಹಳೆಯ ಅಹಮದಾಬಾದಿನ ವಸತಿ ಓಣಿಗಳಾದ ಪೋಳ್‌ಗಳಲ್ಲಿ ಹೋಗಿ ನೋಡಿ, ಒಂದೊಂದು ಚೌಕದಲ್ಲೂ ಕೆತ್ತನೆಯ ಚಬೂತರಾ ನಿಂತಿದೆ. ಹಕ್ಕಿಗೆ ಕಾಳು ಹಾಕಲೆಂದೇ ಕಂಬ ಕಟ್ಟಿಸಿದ ಊರು ಇದು. ಮುತ್ತಜ್ಜನ ಕಾಲದಿಂದ ಪುಣ್ಯವೆಂದು ಮಾಡಿಕೊಂಡು ಬಂದದ್ದನ್ನು ಹಸಿರು ಜಾಕೆಟ್ ತೊಟ್ಟ ಹುಡುಗಿ ಬಂದು ತಪ್ಪೆಂದರೆ ಯಾರಿಗಾದರೂ ನೋವಾಗುತ್ತದೆ.

ಹೀಗೆ ಶುರುಮಾಡಿ: “ಕಾಕಾ, ಹಕ್ಕಿಗೆ ಹಾಕಬೇಕೆಂಬ ನಿಮ್ಮ ಮನಸ್ಸು ದೊಡ್ಡದು. ಈ ಹಕ್ಕಿ ಮಾತ್ರ ಮೀನು ತಿನ್ನುವಂಥದ್ದು. ನಿಮ್ಮ ಮೊಮ್ಮಗಳಿಗೆ ತೋರಿಸಲಾ, ಹೇಗೆ ಹಿಡಿಯುತ್ತೆ ಅಂತ?” ಎನ್ನುತ್ತ ದುರ್ಬೀನನ್ನು ಮಗುವಿನ ಕೈಗೆ ಕೊಡಿ. ಮಗು ದುರ್ಬೀನಿನಲ್ಲಿ ಕಣ್ಣಿಟ್ಟ ಮೇಲೆ ಕಾಕಾ ಪೊಟ್ಟಣ ಮಡಚುವುದು ಬಹುತೇಕ ಖಚಿತ. ಪುಣ್ಯದ ಪ್ರಶ್ನೆ ಎತ್ತಿದರೆ, ಪಾರಿವಾಳ-ಗಿಳಿಗಳಿಗೆ ಹತ್ತಿರದ ಚಬೂತರಾದಲ್ಲಿ ಜೋಳ, ಸಜ್ಜೆ ಹಾಕಬಹುದಲ್ಲ ಎಂದು ದಾರಿ ತೋರಿಸಿ. ಗಾಂಠಿಯಾ ಮಾರುವವನ ಜೊತೆ ಜಗಳ ಬೇಡ. ಅವನಿಗೆ ಅದು ಚಳಿಗಾಲದ ನಾಲ್ಕು ತಿಂಗಳ ದುಡಿಮೆ. ‘ಮನುಷ್ಯರಿಗೆ ಮಾರು ಭಾಯಿ, ಚಹಾದ ಜೊತೆ’ ಎಂದು ಹೇಳಿ, ನಿಮ್ಮ ಗುಂಪಿನವರೇ ಕೊಂಡು ತಿನ್ನಿ. ನಳ ಸರೋವರದ ದೋಣಿಯವರಲ್ಲಿ ಹಲವರು ಪಢಾರ್ ಸಮುದಾಯದವರು, ತಲೆಮಾರುಗಳಿಂದ ಆ ನೀರನ್ನೇ ನಂಬಿದವರು. ಅವರು ‘ಇಲ್ಲಿ ಹಾಕಬೇಡಿ ಸಾಹೇಬ್’ ಎಂದರೆ ನಿಮ್ಮ ಹತ್ತು ಮಾತಿಗಿಂತ ಹೆಚ್ಚು ತೂಕ. ಅವರೊಡನೆ ಕೂತು ಮೊದಲು ಕೇಳಿಸಿಕೊಳ್ಳಿ.

120 ಚದರ ಕಿಲೋಮೀಟರಿನ ನಳ ಸರೋವರ 2012ರಲ್ಲೂ ಥೋಲ್ ಮತ್ತು ವಢವಾಣಾ 2021ರಲ್ಲೂ ಮಹತ್ವದ ಜೌಗುಪ್ರದೇಶಗಳ ರಾಮ್ಸರ್ ಪಟ್ಟಿ ಸೇರಿದವು. ನಮ್ಮ ಗದಗ ಜಿಲ್ಲೆಯ ಮಾಗಡಿ ಕೆರೆಗೆ ಬರುವ ಪಟ್ಟೆತಲೆ ಹೆಬ್ಬಾತುಗಳ ಬಳಗ ವಢವಾಣಾದಲ್ಲೂ ಚಳಿಗಾಲ ಕಳೆಯುತ್ತದೆ. ಅಲ್ಲಿ ಹೋಗಿ ನಿಂತರೆ ಕನ್ನಡಿಗರಿಗೆ ನೆಂಟರನ್ನು ಕಂಡಂತಾಗುತ್ತದೆ. ಇಂಥ ಕೆರೆಗಳಲ್ಲಿ ಗುಂಪಿಗೆ ಒಪ್ಪುವ ಇನ್ನೊಂದು ಕೆಲಸ ಎಣಿಕೆ. 1987ರಿಂದ ಪ್ರತಿ ಜನವರಿಯಲ್ಲಿ ನಡೆಯುವ ಏಷ್ಯಾದ ನೀರುಹಕ್ಕಿ ಗಣತಿ ನಡೆಯುವುದೇ ಸ್ವಯಂಸೇವಕರಿಂದ. ಮೊದಲ ವರ್ಷ ಅನುಭವಿಗಳ ಪಕ್ಕದಲ್ಲಿ ನಿಂತು ಬರೆದುಕೊಳ್ಳುವ ಕೆಲಸ ಮಾಡಿ. ಗುಜರಾತ್ ಪಕ್ಷಿ ಸಂರಕ್ಷಣಾ ಸಂಘದವರೂ ಸೂರತ್ತಿನಲ್ಲಿ ನೇಚರ್ ಕ್ಲಬ್ಬಿನವರೂ ಕಲಿಸುವ ಮನಸ್ಸಿನವರು. ಡುಮಸ್ ರಸ್ತೆಯ ಕಡೆಯ ಗವಿಯರ್ ಕೆರೆಯನ್ನು ಹಕ್ಕಿಗಳ ನೆಲೆಯಾಗಿ ಉಳಿಸಿಕೊಂಡು ಬಂದದ್ದು ಈ ಕ್ಲಬ್ಬಿನ ಹೆಗ್ಗಳಿಕೆ. ಹೊಸ ಗುಂಪಿನವರು ಅಲ್ಲಿ ಒಂದು ಬೆಳಗು ಕಳೆದು ಬರುವುದು ಒಳ್ಳೆಯದು.

ಹಕ್ಕಿಯ ಮಾತು ಬಂದ ಮೇಲೆ ಉತ್ತರಾಯಣದ ಮಾತೂ ಬರಲೇಬೇಕು. 1989ರಿಂದ ಅಂತರರಾಷ್ಟ್ರೀಯ ಗಾಳಿಪಟ ಉತ್ಸವ ನಡೆಸಿಕೊಂಡು ಬಂದ ಊರು ಅಹಮದಾಬಾದ್. ಜನವರಿ 14, 15ರಂದು ಇಡೀ ರಾಜ್ಯ ಮಹಡಿಯ ಮೇಲಿರುತ್ತದೆ. ಗಾಜಿನ ಪುಡಿ ಹಚ್ಚಿದ ದಾರಕ್ಕೆ ಸಿಕ್ಕಿ ರೆಕ್ಕೆ ಹರಿದುಕೊಳ್ಳುವ ಹಕ್ಕಿಗಳಿಗಾಗಿ ಸರ್ಕಾರ 2017ರಿಂದ ಜನವರಿ 10ರಿಂದ 20ರವರೆಗೆ ಕರುಣಾ ಅಭಿಯಾನ ನಡೆಸುತ್ತಿದೆ. ಪಶುವೈದ್ಯರ ಜೊತೆ ದುಡಿಯುವವರಲ್ಲಿ ದೊಡ್ಡ ಪಾಲು ಕಾಲೇಜು ಹುಡುಗ ಹುಡುಗಿಯರದು. ಗಾಯಗೊಂಡ ಹಕ್ಕಿ ಸಿಕ್ಕರೆ ದಾರವನ್ನು ಎಳೆಯಬೇಡಿ; ಹಕ್ಕಿಯ ಎರಡೂ ಬದಿಗೆ ಕತ್ತರಿಸಿ, ಮೈಯಲ್ಲಿ ಸಿಕ್ಕ ತುಂಡನ್ನು ಹಾಗೇ ಬಿಡಿ. ಹಗುರ ಬಟ್ಟೆ ಮುಚ್ಚಿ, ಗಾಳಿಗೆ ತೂತು ಮಾಡಿದ ರಟ್ಟಿನ ಪೆಟ್ಟಿಗೆಯಲ್ಲಿಡಿ. ನೀರು ಕುಡಿಸಲು ಹೋಗಬೇಡಿ, ಶ್ವಾಸನಾಳಕ್ಕೆ ಇಳಿದು ಸಾಯಬಹುದು. ಪ್ರಾಣಿ ಸಹಾಯವಾಣಿ 1962ಕ್ಕೆ ಫೋನು ಮಾಡಿ, ಅಥವಾ ಹತ್ತಿರದ ಕೇಂದ್ರಕ್ಕೆ ಒಯ್ಯಿರಿ. ಹಬ್ಬ ಮುಗಿದ ಮೇಲಿನ ಕೆಲಸ ಇನ್ನೂ ದೊಡ್ಡದು. ಮರ, ತಂತಿ, ಉದ್ಯಾನದ ಬೇಲಿಗಳಲ್ಲಿ ಸಿಕ್ಕಿಕೊಂಡ ದಾರ ತಿಂಗಳುಗಟ್ಟಲೆ ಹಕ್ಕಿಗಳ ಕೊರಳು ಕೊಯ್ಯುತ್ತಲೇ ಇರುತ್ತದೆ. ಜನವರಿಯ ಕೊನೆಯ ಎರಡು ಭಾನುವಾರ ನಿಮ್ಮ ಉದ್ಯಾನದ ದಾರ ಬಿಡಿಸಿ. ಎಟಕುವಷ್ಟನ್ನು ಮಾತ್ರ ಬಿಡಿಸಬೇಕು. ವಿದ್ಯುತ್ ತಂತಿಯ ಹತ್ತಿರ ಕೋಲು ಎತ್ತಲೇಬಾರದು.

ಸಮುದ್ರ, ಅಣೆಕಟ್ಟು, ಬಿಸಿಲು

ಮಂಗಳೂರು, ಮಲ್ಪೆಯ ಕಡಲು ನೋಡಿ ಬೆಳೆದವರು ಡುಮಸ್‌ನಲ್ಲಿ ಮೋಸ ಹೋಗುತ್ತಾರೆ. ನಮ್ಮ ಕರಾವಳಿಯಲ್ಲಿ ಉಬ್ಬರ ಇಳಿತದ ಅಂತರ ಎರಡು ಮೀಟರನ್ನೂ ಮುಟ್ಟದು. ಖಂಭಾತ್ ಕೊಲ್ಲಿ ಒಳಗೆ ಹೋದಂತೆ ಕಿರಿದಾಗುವುದರಿಂದ ನೀರು ಒತ್ತೊತ್ತಾಗಿ ಏರುತ್ತದೆ; ಭಾವನಗರದ ಹತ್ತಿರ ಈ ಅಂತರ ಹತ್ತು ಮೀಟರಿನ ಸಮೀಪ ಹೋಗುತ್ತದೆ. ಡುಮಸ್, ಸುವಾಲಿ ತೀರಗಳಲ್ಲಿ ಇಳಿತದ ಹೊತ್ತಿಗೆ ಕಪ್ಪು ಮರಳು ಮತ್ತು ಕೆಸರು ಕಣ್ಣು ಹರಿಯುವಷ್ಟು ದೂರ ತೆರೆದುಕೊಳ್ಳುತ್ತದೆ. ಜನ ನಡೆಯುತ್ತ ಹೋಗುತ್ತಾರೆ, ಕಾರನ್ನೂ ಇಳಿಸುತ್ತಾರೆ. ನೀರು ತಿರುಗಿದಾಗ ಚಕ್ರ ಹೂತಿರುತ್ತದೆ. ದುಬಾರಿ ಕಾರುಗಳು ಅಲ್ಲಿ ಅಲೆಗೆ ಸಿಕ್ಕ ಚಿತ್ರಗಳನ್ನು ಎಲ್ಲರೂ ನೋಡಿದ್ದೇವೆ.

ಇಲ್ಲಿ ಗುಂಪಿನ ಅತ್ಯಂತ ಉಪಯುಕ್ತ ಸಾಮಾನು ಒಂದು ಕಪ್ಪುಹಲಗೆ. ತೀರಕ್ಕೆ ಇಳಿಯುವ ದಾರಿಯಲ್ಲಿ ಅದನ್ನಿಟ್ಟು ಅಂದಿನ ಉಬ್ಬರದ ಹೊತ್ತನ್ನು ದೊಡ್ಡದಾಗಿ, ಗುಜರಾತಿ ಮತ್ತು ಹಿಂದಿಯಲ್ಲಿ ಬರೆಯಿರಿ. ಎರಡು ಉಬ್ಬರಗಳ ನಡುವೆ ಸುಮಾರು ಹನ್ನೆರಡೂವರೆ ಗಂಟೆ. ಹಾಗಾಗಿ ಹೊತ್ತು ದಿನಕ್ಕೆ ಸುಮಾರು ಐವತ್ತು ನಿಮಿಷ ಮುಂದೆ ಸರಿಯುತ್ತದೆ, ನಿನ್ನೆಯ ಹೊತ್ತನ್ನು ಇಂದಿಗೆ ಬರೆದರೆ ತಪ್ಪಾಗುತ್ತದೆ. ಅಮಾವಾಸ್ಯೆ, ಹುಣ್ಣಿಮೆಯ ಆಸುಪಾಸು ನೀರು ಹೆಚ್ಚು ಏರುತ್ತದೆ. ‘ಈ ಹೊತ್ತಿನ ನಂತರ ಈ ಕಂಬ ದಾಟಬೇಡಿ’ ಎಂದು ಒಂದು ಗುರುತು ತೋರಿಸಿ. ಯಾರಾದರೂ ನೀರಿಗೆ ಸಿಕ್ಕರೆ ಹಗ್ಗ, ಉದ್ದ ಕೋಲು, ಮುಚ್ಚಳ ಬಿಗಿದ ಖಾಲಿ ಕ್ಯಾನು, ಕೈಗೆ ಸಿಕ್ಕಿದ್ದನ್ನು ಎಸೆಯಿರಿ. ನೀವು ಇಳಿಯಬೇಡಿ. ಕಾಪಾಡಲು ಇಳಿದವರೇ ಮುಳುಗಿದ ಪ್ರಕರಣಗಳು ಎಲ್ಲ ಊರಲ್ಲೂ ಇವೆ. ನೀರಿನ ರಕ್ಷಣೆಯಲ್ಲೇ ತೊಡಗಬೇಕೆನ್ನುವವರು ವಿಪತ್ತು ನಿರ್ವಹಣಾ ಪ್ರಾಧಿಕಾರದ ಆಪದಾ ಮಿತ್ರ ತರಬೇತಿಗೆ ಹೆಸರು ಕೊಡಲಿ.

ನದಿಗಳಲ್ಲಿ ಅಪಾಯ ಮೇಲಿನಿಂದ ಬರುತ್ತದೆ. ಧರೋಯಿ ಅಣೆಕಟ್ಟಿನಿಂದ ನೀರು ಬಿಟ್ಟರೆ ಸಾಬರಮತಿಯ ಕೆಳಹಾದಿ ಮುಳುಗುತ್ತದೆ, ಉಕಾಯಿಯಿಂದ ಬಿಟ್ಟರೆ ತಾಪಿ ಏರುತ್ತದೆ, ಅಜವಾ ತುಂಬಿದರೆ ವಿಶ್ವಾಮಿತ್ರಿ. ಸೂರತ್ತಿನಲ್ಲಿ ಬಿಸಿಲಿದ್ದರೂ ನೂರು ಕಿಲೋಮೀಟರ್ ಮೇಲೆ ಮಳೆಯಾಗಿರಬಹುದು. ಜುಲೈಯಿಂದ ಸೆಪ್ಟೆಂಬರ್ ತನಕ ನದಿದಂಡೆಯ ಪಾಳಿಯೇ ಬೇಡ ಎಂಬುದು ನನ್ನ ಸಲಹೆ. ಆ ತಿಂಗಳುಗಳಲ್ಲಿ ಉದ್ಯಾನಗಳಲ್ಲಿ ಸಸಿ ನೋಡಿಕೊಳ್ಳಿ.

ಬೇಸಿಗೆಯ ಮಾತು ಬೇರೆ. 2010ರ ಮೇ ತಿಂಗಳ ಬಿಸಿಗಾಳಿಯಲ್ಲಿ ಅಹಮದಾಬಾದ್ 46.8 ಡಿಗ್ರಿ ಕಂಡು ನೂರಾರು ಜನರನ್ನು ಕಳೆದುಕೊಂಡ ಮೇಲೆ 2013ರಲ್ಲಿ ಪಾಲಿಕೆ ಬಿಸಿಲಿಗೆಂದೇ ಒಂದು ಕ್ರಿಯಾಯೋಜನೆ ತಂದಿತು. ದೇಶಕ್ಕೇ ಅದು ಮಾದರಿಯಾಯಿತು. 41 ಡಿಗ್ರಿ ದಾಟಿದರೆ ಹಳದಿ, 43 ದಾಟಿದರೆ ಕಿತ್ತಳೆ, 45 ಮುಟ್ಟಿದರೆ ಕೆಂಪು ಎಚ್ಚರಿಕೆ. ಗುಂಪಿನ ನಿಯಮವನ್ನು ಇದಕ್ಕೇ ಕಟ್ಟಿಹಾಕಿ: ಹಳದಿ ದಿನ ಬೆಳಿಗ್ಗೆ ಎಂಟೂವರೆಗೆ ಮನೆಗೆ, ಕಿತ್ತಳೆ ಮತ್ತು ಕೆಂಪು ದಿನ ಪಾಳಿ ರದ್ದು. ಇಂಥ ದಿನಗಳಲ್ಲಿ ಉದ್ಯಾನಗಳನ್ನು ಮಧ್ಯಾಹ್ನವೂ ತೆರೆದಿಡುವುದು ಆ ಯೋಜನೆಯ ಒಂದು ಭಾಗ. ಕೂಲಿಯವರು, ಕೈಗಾಡಿಯವರು ನೆರಳಿಗೆ ಬರುತ್ತಾರೆ. ಗೇಟು ಮುಚ್ಚಿರುವುದು ಕಂಡರೆ ಪಾಲಿಕೆಗೆ ತಿಳಿಸಿ. ಮಡಕೆಯ ನೀರಿನ ವ್ಯವಸ್ಥೆ ಮಾಡಿಸಿದರೆ ಅದಕ್ಕಿಂತ ದೊಡ್ಡ ಸೇವೆ ಬೇರೆಯಿಲ್ಲ. ತಲೆ ಸುತ್ತಿ ಬಿದ್ದು ಮಾತು ತೊದಲುತ್ತಿದ್ದರೆ 108ಕ್ಕೆ ಫೋನು, ನೆರಳು, ಮೈಗೆ ನೀರು, ಗಾಳಿ. ಎಚ್ಚರವಿಲ್ಲದವರ ಬಾಯಿಗೆ ಏನನ್ನೂ ಹಾಕಬಾರದು.

ಪಾಳಿ ಕಟ್ಟುವ ಬಗೆ

ಅಮೆರಿಕದ ಅಪಲೇಚಿಯನ್ ಕಾಲುಹಾದಿ 14 ರಾಜ್ಯಗಳಲ್ಲಿ ಸುಮಾರು 3,500 ಕಿಲೋಮೀಟರ್ ಹಾಯುತ್ತದೆ. ಅದನ್ನು ನಡೆಯುವಂತೆ ಇಟ್ಟಿರುವುದು ಮೂವತ್ತರಷ್ಟು ಸ್ವಯಂಸೇವಕ ಕ್ಲಬ್ಬುಗಳು. ಪ್ರತಿ ಕ್ಲಬ್ಬಿಗೂ ತನ್ನದೊಂದು ತುಂಡು ಹಾದಿ. ನಾವು ಕಲಿಯಬೇಕಾದದ್ದು ಈ ತುಂಡಿನ ಲೆಕ್ಕವನ್ನು. ರಿವರ್‌ಫ್ರಂಟು ಒಂದೊಂದು ದಂಡೆಯಲ್ಲಿ ಹನ್ನೊಂದು ಕಿಲೋಮೀಟರಿಗೂ ಹೆಚ್ಚು ಉದ್ದ; ‘ರಿವರ್‌ಫ್ರಂಟ್ ಸ್ವಚ್ಛ ಮಾಡುತ್ತೇವೆ’ ಎಂದು ಹೊರಡಬೇಡಿ. ಎರಡು ಮೆಟ್ಟಿಲುಸಾಲುಗಳ ನಡುವಿನ ಐದುನೂರು ಮೀಟರ್ ಸಾಕು. ಮಳೆಗಾಲ ಬಿಟ್ಟು ವರ್ಷವಿಡೀ ಅಲ್ಲೇ ಇರಿ. ಆರನೆಯ ವಾರಕ್ಕೆ ವಾಚ್‌ಮನ್ ಕಾಕಾ ನಿಮ್ಮನ್ನು ಹೆಸರು ಹಿಡಿದು ಕರೆಯುತ್ತಾರೆ. ಯಾವ ಬೆಂಚಿನ ಕೆಳಗೆ ಏನು ಬೀಳುತ್ತದೆ, ಯಾವ ನಲ್ಲಿ ಸೋರುತ್ತದೆ ಎಂಬುದು ನಿಮಗೆ ತಿಳಿದಿರುತ್ತದೆ.

ಹನ್ನೆರಡು ಜನರ ಗುಂಪಿಗೆ ಪ್ರತಿ ಭಾನುವಾರ ನಾಲ್ವರು, ಎರಡು ಗಂಟೆ. ಹೀಗೆ ಮಾಡಿದರೆ ಒಬ್ಬೊಬ್ಬರಿಗೆ ಮೂರು ವಾರಕ್ಕೊಮ್ಮೆ ಪಾಳಿ. ಇಬ್ಬಿಬ್ಬರಾಗಿ ನಡೆಯಬೇಕು, ನೀರಿನ ಹತ್ತಿರ ಒಬ್ಬರೇ ನಿಲ್ಲಬಾರದು. ಹದಿನೆಂಟು ತುಂಬದವರಿದ್ದರೆ ಮನೆಯವರ ಲಿಖಿತ ಒಪ್ಪಿಗೆ ಬೇಕು. ಕೈಗವಸು, ಚಿಮಟ, ಪ್ರಥಮ ಚಿಕಿತ್ಸೆಯ ಪೆಟ್ಟಿಗೆ, ಓಆರ್‌ಎಸ್ ಪೊಟ್ಟಣ, ಸೀಟಿ ಇಷ್ಟಿದ್ದರೆ ನಡೆಯುತ್ತದೆ. ಲಾಠಿಯಂತೆ ಕಾಣುವುದೇನನ್ನೂ ಹಿಡಿಯಬಾರದು. ದಂಡ ಹಾಕುವುದು, ಗುರುತಿನ ಚೀಟಿ ಕೇಳುವುದು, ಬೆಂಚಿನ ಮೇಲೆ ಕೂತ ಹುಡುಗ ಹುಡುಗಿಯನ್ನು ಪ್ರಶ್ನಿಸುವುದು, ಬಂಡಿಯವರನ್ನು ಎಬ್ಬಿಸುವುದು ಯಾವುದೂ ನಿಮ್ಮ ಕೆಲಸವಲ್ಲ. ಈ ಒಂದು ವಿಷಯದಲ್ಲಿ ಗುಂಪಿನ ಹಿರಿಯರು ಬಿಗಿಯಾಗಿರಬೇಕು. ಸಾರ್ವಜನಿಕ ಜಾಗದಲ್ಲಿ ಎಲ್ಲರೂ ನಿರಾಳವಾಗಿ ಕೂರುವಂತಾಗಲಿ ಎಂದೇ ಅಲ್ಲವೇ ನಾವು ಹೊರಟದ್ದು.

ಕೈಗಳು ಬೇಕಿದ್ದರೆ ಕಾಲೇಜಿನ ರಾಷ್ಟ್ರೀಯ ಸೇವಾ ಯೋಜನೆಯ, ಅಂದರೆ ಎನ್‌ಎಸ್‌ಎಸ್ ಅಧಿಕಾರಿಯನ್ನು ಕಾಣಿ. ಎನ್‌ಎಸ್‌ಎಸ್ ವಿದ್ಯಾರ್ಥಿ ವರ್ಷಕ್ಕೆ 120 ಗಂಟೆ ಸೇವೆ ಮಾಡಬೇಕು. ಗುಜರಾತ್ ವಿಶ್ವವಿದ್ಯಾಲಯ, ವಡೋದರಾದ ಮಹಾರಾಜ ಸಯಾಜಿರಾವ್ ವಿಶ್ವವಿದ್ಯಾಲಯ, ಸೂರತ್ತಿನ ವೀರ ನರ್ಮದ್ ವಿಶ್ವವಿದ್ಯಾಲಯ ಮೂರರಲ್ಲೂ ಘಟಕಗಳಿವೆ. ಅವರ ಪರೀಕ್ಷೆಯ ತಿಂಗಳುಗಳನ್ನು ಮಾತ್ರ ಮೊದಲೇ ಕೇಳಿಟ್ಟುಕೊಳ್ಳಿ, ಮಾರ್ಚಿನಲ್ಲಿ ಪಾಳಿ ಖಾಲಿಯಾಗುತ್ತದೆ.

ಊರಿನ ಹೊರಗೆ ಹೋಗುವವರು ಅಲ್ಲಿನವರ ಕೆಲಸ ಕಿತ್ತುಕೊಳ್ಳಬಾರದು. ವ್ಯಾರಾ ಅರಣ್ಯ ವಿಭಾಗದ ಪದಮಡುಂಗರಿಯಂಥ ಶಿಬಿರತಾಣಗಳಲ್ಲಿ ಅಡುಗೆ, ದಾರಿ ತೋರಿಸುವುದು, ಸ್ವಚ್ಛತೆ ಎಲ್ಲವೂ ಹಳ್ಳಿಯವರ ಕೈಯಲ್ಲಿದೆ. ಅವರಿಗೆ ಅದು ಸಂಪಾದನೆ. ಪಟ್ಟಣದ ಗುಂಪು ಅಲ್ಲಿ ಉಚಿತ ಗೈಡಾಗಿ ನಿಂತರೆ ಒಬ್ಬ ಆದಿವಾಸಿ ಯುವಕನ ದಿನಗೂಲಿ ಹೋಯಿತು. ಅಲ್ಲಿ ಹಣ ಕೊಟ್ಟು ಉಳಿಯಿರಿ, ಪ್ಲಾಸ್ಟಿಕ್ ಒಯ್ಯಬೇಡಿ. ಬೇಕೆಂದರೆ ಪ್ರಥಮ ಚಿಕಿತ್ಸೆ ಕಲಿಸಿ ಬನ್ನಿ.

ಜನಸಂಖ್ಯೆಯ ಮಿತಿ ಹಾಕುವುದು ಇಲಾಖೆಯ ಕೆಲಸ, ಆದರೆ ಮಿತಿ ಬೇಕೆಂದು ತೋರಿಸಿಕೊಡುವ ಅಂಕಿಗಳು ನಿಮ್ಮಿಂದ ಸಿಗಬಹುದು. 2024ರ ಗಣರಾಜ್ಯೋತ್ಸವದ ರಜೆಯಲ್ಲಿ ಕುಮಾರ ಪರ್ವತಕ್ಕೆ ಜನ ಇರುವೆಯಂತೆ ಹತ್ತಿದ ವಿಡಿಯೊ ಹರಿದಾಡಿದ ಮೇಲೆಯೇ ಕರ್ನಾಟಕದ ಅರಣ್ಯ ಇಲಾಖೆ ಚಾರಣ ನಿಲ್ಲಿಸಿ, ಆನ್‌ಲೈನ್ ಬುಕಿಂಗ್ ಮತ್ತು ದಿನದ ಮಿತಿ ತಂದದ್ದು. ಅಷ್ಟರ ತನಕ ಕಾಯಬೇಕಿಲ್ಲ. ಒಂದು ನೋಟ್‌ಬುಕ್ಕಿನಲ್ಲಿ ದಿನಾಂಕ, ಹೊತ್ತು, ಅರ್ಧ ಗಂಟೆಯಲ್ಲಿ ಗೇಟು ದಾಟಿದವರ ಸಂಖ್ಯೆ, ಚೀಲಗಳ ತೂಕ, ಏನು ಹೆಚ್ಚು ಸಿಕ್ಕಿತು, ಯಾವ ದೀಪ ಉರಿಯುತ್ತಿಲ್ಲ, ಹೆಂಗಸರ ಶೌಚಾಲಯಕ್ಕೆ ಬೀಗವಿತ್ತೇ ಎಂಬುದನ್ನು ಬರೆಯುತ್ತ ಹೋಗಿ. ಮೂರು ತಿಂಗಳಿಗೊಮ್ಮೆ ಒಂದು ಪುಟದ ವರದಿ ಮಾಡಿ ಕಚೇರಿಗೆ ಕೊಟ್ಟು, ಸ್ವೀಕೃತಿಯ ಮುದ್ರೆ ಹಾಕಿಸಿಕೊಳ್ಳಿ. ಅಧಿಕಾರಿ ವರ್ಗವಾಗಿ ಹೋದರೂ ಮುದ್ರೆ ಬಿದ್ದ ಕಾಗದ ಕಡತದಲ್ಲಿ ಉಳಿಯುತ್ತದೆ.

ಹೀಗೆ ಹಿಡಿದ ಕೆಲಸ ಎಷ್ಟು ದೂರ ಹೋಗಬಲ್ಲದು ಎಂಬುದಕ್ಕೆ ಅಹಮದಾಬಾದಿನಲ್ಲೇ ನಿದರ್ಶನವಿದೆ. 1997ರ ನವೆಂಬರ್ 19ರಂದು ಪಾಲಿಕೆ, ಕ್ರೂಟಾ ಫೌಂಡೇಶನ್ ಜೊತೆ ಸೇರಿ, ಕಾಲೂಪುರದ ಸ್ವಾಮಿನಾರಾಯಣ ಮಂದಿರದಿಂದ ಜಾಮಾ ಮಸೀದಿಯವರೆಗೆ ಬೆಳಗಿನ ಪಾರಂಪರಿಕ ನಡಿಗೆ ಶುರುಮಾಡಿತು. ಇಂದಿಗೂ ಹೊರಡುವ ಜಾಗ ಅದೇ ಮಂದಿರ, ಮುಗಿಯುವ ಜಾಗ ಅದೇ ಮಸೀದಿ. ಜನ ವಾಸವಿರುವ ಪೋಳ್‌ಗಳ ನಡುವೆ ಮೆಲ್ಲಗೆ ಹಾದುಹೋಗುವ ನಡಿಗೆ. ಇಪ್ಪತ್ತು ವರ್ಷಗಳ ನಂತರ, 2017ರಲ್ಲಿ, ಆ ಹಳೆಯ ಊರು ಭಾರತದ ಮೊದಲ ವಿಶ್ವ ಪರಂಪರೆಯ ನಗರವಾಯಿತು. ನಡಿಗೆಯೊಂದರಿಂದಲೇ ಆದದ್ದಲ್ಲ, ಆದರೂ ತಮ್ಮ ಮನೆಯ ಮುಂದಿನ ಕೆತ್ತನೆಯನ್ನು ಪರರು ನಿಂತು ನೋಡುವುದನ್ನು ವರ್ಷಗಟ್ಟಲೆ ಕಂಡ ಪೋಳಿನ ಜನಕ್ಕೆ ಅದರ ಬೆಲೆ ಹೊಸದಾಗಿ ಗೊತ್ತಾಯಿತು ಎಂದೇ ನನ್ನ ನಂಬಿಕೆ.

ಶುರುಮಾಡಲು ಒಳ್ಳೆಯ ಹೊತ್ತು ಸೆಪ್ಟೆಂಬರ್. ಆಗ ಪತ್ರ ಕೊಟ್ಟರೆ ನವರಾತ್ರಿ, ದೀಪಾವಳಿಯ ಗಡಿಬಿಡಿ ಕಳೆದು ನವೆಂಬರಿಗೆ ಒಪ್ಪಿಗೆ ಕೈಗೆ ಬರಬಹುದು. ಅಷ್ಟರೊಳಗೆ ಹನ್ನೆರಡು ಹೆಸರು, ಒಂದು ನೋಟ್‌ಬುಕ್ಕು, ಎರಡು ದುರ್ಬೀನು ಹೊಂದಿಸಿಕೊಳ್ಳಿ. ದುರ್ಬೀನು ಕೊಳ್ಳುವವರು ಎಂಟು ಪಟ್ಟು ಹಿಗ್ಗಿಸುವ, 42 ಮಿಲಿಮೀಟರ್ ಮಸೂರದ್ದನ್ನು ಕೊಳ್ಳಿ. ಅದಕ್ಕಿಂತ ಹೆಚ್ಚು ಹಿಗ್ಗಿಸುವುದು ಮಕ್ಕಳ ಕೈಯಲ್ಲಿ ಅಲುಗಾಡುತ್ತದೆ.